ಬರಿಗೈಯವರ ನಡಿಗೆ

ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಮೆಟ್ರೋ ಇಳಿದವರು ರಸ್ತೆಗೆ ಕಾಲಿಡದೆಯೇ ಮೇಲ್ಸೇತುವೆಯ ಮೂಲಕ ಲುಲು ಮಾಲನ್ನು ಪ್ರವೇಶಿಸಬಹುದು. 2013ರಲ್ಲಿ ತೆರೆದ ಈ ಮಾಲಿನಲ್ಲಿ ಕೊಳ್ಳುವವರ ನಡುವೆ ಸುಮ್ಮನೆ ಸುತ್ತುವ ಕುಟುಂಬಗಳೂ ಧಾರಾಳ. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ಒಳಗೆ ನುಣುಪು ನೆಲ, ಸಮನಾದ ತಂಪು, ಹೊತ್ತು ತಿಳಿಯದ ಬೆಳಕು.

ಬಂದ ಕೆಲಸವನ್ನೇ ಮರೆತು ಅಲೆಯುವಂತೆ ಮಾಡುವ ಮಾಲುಗಳ ಗುಣಕ್ಕೆ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಅವರ ಹೆಸರು ಅಂಟಿಕೊಂಡಿದೆ. 1956ರಲ್ಲಿ ತೆರೆದ ಅಮೆರಿಕದ ಸೌತ್‌ಡೇಲ್ ಮಾಲನ್ನು ರೂಪಿಸಿದಾಗ ಅವರು ಬಯಸಿದ್ದು ಜನ ಕಲೆಯುವ ಊರಚೌಕವನ್ನು. ಜಗತ್ತಿಗೆ ದೊರೆತದ್ದು ವ್ಯಾಪಾರದ ಹಜಾರ.

ಕೊಚ್ಚಿಯಿಂದ ಕಾಸರಗೋಡಿಗೆ ಮರಳುವ ರೈಲು ಹಾದಿಯಲ್ಲಿಯೇ ಕಲ್ಲಿಕೋಟೆಯ ಮಿಠಾಯಿ ತೆರುವು ಇದೆ. ಎಸ್. ಕೆ. ಪೊಟ್ಟೆಕ್ಕಾಟ್ ಅವರ ಕಾದಂಬರಿಗೆ ವಸ್ತುವಾದ ಈ ಬೀದಿಯನ್ನು 2017ರಲ್ಲಿ ಪಾದಚಾರಿಗಳಿಗಾಗಿ ನವೀಕರಿಸಲಾಯಿತು. ಹಲ್ವದ ಅಂಗಡಿಗಳ ಮುಂದೆ ಇಲ್ಲಿಯೂ ಜನ ಗುರಿಯಿಲ್ಲದೆ ನಡೆಯುತ್ತಾರೆ.

ಎರಡು ನಡಿಗೆಗಳೂ ನೋಟಕ್ಕೆ ಒಂದೇ. ಕಾನೂನಿನ ಕಣ್ಣಿಗೆ ಬೇರೆ. ಮಾಲಿನ ಹಜಾರ ಖಾಸಗಿ ಸ್ವತ್ತು, ಅಲ್ಲಿ ಅಡ್ಡಾಡುವುದು ಒಡೆಯನ ಅನುಮತಿಯಿಂದ. ಬೀದಿಯಲ್ಲಿ ನಡೆಯುವುದಾದರೋ ನಾಗರಿಕನ ಹಕ್ಕು. ಮಕ್ಕಳು ಮಾಲನ್ನು ಕಂಡು ಬೆರಗಾಗಲಿ, ತಪ್ಪಿಲ್ಲ. ಆದರೆ ತಮ್ಮೂರ ಪೇಟೆಯಲ್ಲಿ ಕಾಲೂರಲು ಪಾದಚಾರಿ ಮಾರ್ಗವೇ ಉಳಿಯದಿದ್ದರೆ, ಬರಿಗೈಯವರು ನಿಶ್ಚಿಂತೆಯಿಂದ ನಡೆಯಲು ಮುಂದೆ ಒಡೆಯನ ಬಾಗಿಲೊಂದೇ ಉಳಿದೀತು.