ಒನಕೆ ಇಲ್ಲದ ಓಬವ್ವ

ನೂರು ಪದದೊಳಗೆ ಒಂದು ಕಥೆ ಹೇಳಿ ಮುಗಿಸುವುದು ನನಗೆ ಬಲು ಪ್ರೀತಿಯ ಕೆಲಸ. ಬರೆಯುವುದು ಚಿತ್ರದುರ್ಗದ ಮನೆಯಲ್ಲಿ. ತಿದ್ದುವುದು ಜೋಗಿಮಟ್ಟಿ ಬೆಟ್ಟದ ಮೇಲೆ. ಆಡುಮಲ್ಲೇಶ್ವರ ದಾಟಿ ಏರಿ ಹೋದರೆ, ಅಲ್ಲಿಯ ಗಾಳಿಗೆ ಕೈಯಲ್ಲಿ ಹಾಳೆ ನಿಲ್ಲುವುದಿಲ್ಲ. ಹಾಗಾಗಿ ಕಥೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಬಂಡೆಯ ಮೇಲೆ ಕೂತು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ನೆನಪಿಗೆ ಬಾರದ ಸಾಲು ಕಥೆಗೆ ಬೇಡದ ಸಾಲು. ಹೇಳಲು ನಾಲಿಗೆ ಹಿಂಜರಿದರೆ ಅಲ್ಲೆಲ್ಲೋ ಸುಳ್ಳು ಸೇರಿದೆ ಎಂದೇ ಲೆಕ್ಕ. ಕರಡಿಗಳ ಕಾಡು, ಹೊತ್ತಿರುವಾಗಲೇ ಇಳಿಯಬೇಕು. ತಿದ್ದುವ ಕೆಲಸಕ್ಕೆ ಅಷ್ಟು ಹೊತ್ತು ಸಾಕು.

ಈಗ ತಿದ್ದುತ್ತಿರುವುದು ಓಬವ್ವನ ಕಥೆ. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲಿನ ಗಂಡ ಉಣ್ಣಲು ಮನೆಗೆ ಬಂದಿದ್ದಾನೆ, ಕುಡಿಯಲು ನೀರಿಲ್ಲ. ತರಲು ಹೋದವಳಿಗೆ ಕೋಟೆಯ ಕಿಂಡಿಯಲ್ಲಿ ನುಸುಳುವ ಶತ್ರುಗಳ ಸದ್ದು ಕೇಳಿಸುತ್ತದೆ. ನುಸುಳಿದವರನ್ನು ಅವಳು ಒನಕೆಯಿಂದ ಹೊಡೆದುರುಳಿಸಿದ ಮುಂದಿನ ಕಥೆ ದುರ್ಗದ ಮಕ್ಕಳಿಗೂ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಸಿನಿಮಾ ಅದನ್ನು ನಾಡಿಗೆಲ್ಲ ತೋರಿಸಿತು. 1779ರಲ್ಲಿ ಹೈದರಾಲಿಯ ಕೈಸೇರಿದ ದುರ್ಗಕ್ಕಾಗಿ ತರಾಸು ‘ದುರ್ಗಾಸ್ತಮಾನ’ದಂಥ ಬೃಹತ್ ಕಾದಂಬರಿಯನ್ನೇ ಬರೆದರು. ಒಂದು ರಾಜ್ಯ ಮುಳುಗುವುದನ್ನು ಹೇಳಲು ಅಷ್ಟು ಜಾಗ ಬೇಕೇ ಬೇಕು. ನನಗೆ ಬೇಕಾದ್ದು ಆ ಊಟದ ಹೊತ್ತು ಮಾತ್ರ.

ಅವಳು ಗಂಡನನ್ನು ಕರೆಯಲಿಲ್ಲ. ಉಣ್ಣುತ್ತಿರುವವನನ್ನು ಎಬ್ಬಿಸಬಾರದು ಅಂದುಕೊಂಡಳಂತೆ. ಆ ‘ಅಂತೆ’ಯ ಹತ್ತಿರ ನನ್ನ ಜೀವ ಹೋಗಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಸಾಲದ ಮಾತು, ಜಗಳ, ಸಾವಿನ ಸುದ್ದಿ ಕೂಡ ‘ಉಂಡಾಗಲಿ, ಆಮೇಲೆ ಹೇಳೋಣ’ ಎಂದು ಹೊಸ್ತಿಲಾಚೆ ಎಷ್ಟು ಸಲ ಕಾದಿಲ್ಲ! ತಟ್ಟೆಯ ಮುಂದೆ ಕೂತವರ ಮುಖ ನೋಡುತ್ತಾ ಬಾಯಿ ಬಿಗಿಹಿಡಿದು ನಿಂತ ಹೆಂಗಸರನ್ನು ನಾನು ಕಂಡಿದ್ದೇನೆ. ಓಬವ್ವ ನನಗೆ ಅರ್ಥವಾಗುವುದು ಅವರಿಂದ.

ಹಾಗಾಗಿ ನನ್ನ ಕಥೆ ಮನೆ ಬಿಟ್ಟು ಕದಲುವುದಿಲ್ಲ. ಗಂಡ ಮುದ್ದೆ ಮುರಿಯುತ್ತಾನೆ. ಸಾರು ಖಾರ. ‘ನೀರು’ ಅನ್ನುತ್ತಾನೆ. ಇನ್ನೊಂದು ಸಲ ಅನ್ನುತ್ತಾನೆ. ಮೂಲೆಯಲ್ಲಿ ಸದಾ ಇರುತ್ತಿದ್ದ ಒನಕೆ ಇಲ್ಲ. ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಶೌರ್ಯ, ತ್ಯಾಗ, ಪ್ರೀತಿ ಎಂಬ ಪದಗಳು ಮೊದಲ ಕರಡಿನಲ್ಲಿದ್ದವು. ಬಂಡೆಯ ಮೇಲೆ ಹೇಳಿಕೊಂಡಾಗ ಅವೇ ಮೊದಲು ಉದುರಿದವು, ಮುದ್ದೆ ಉಳಿಯಿತು. ಅವನು ಎದ್ದು ಬಾಗಿಲಿಗೆ ಬರುವ ಸಾಲನ್ನೂ ತೆಗೆದಿದ್ದೇನೆ. ಹೊರಗೆ ಏನಾಗುತ್ತಿದೆಯೆಂದು ಓದುವವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಇನ್ನಷ್ಟು ಹೊತ್ತು ಉಣ್ಣಲಿ.