ದೇವರಗುಡ್ಡ ಬರುವುದರೊಳಗೆ ಐದಕ್ಷರ

ಹಾವೇರಿಯಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿ ಕಿಟಕಿ ಬದಿಗೆ ಕೂರುತ್ತೀರಿ. ಎದುರಿಗೆ ಕೂತ ನಿವೃತ್ತ ಮಾಸ್ತರರು ಆಗಲೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಬೆಂಗಳೂರಿನ ರಾಜಕೀಯವೆಲ್ಲ ಮಡಿಕೆಯೊಳಗೆ ಹೋಗಿ ಪದಬಂಧ ಮೇಲೆ ಬಂದಿದೆ. ಪೆನ್ಸಿಲ್ಲು ಕಿವಿಯ ಸಂದಿಯಲ್ಲಿ, ರಬ್ಬರು ಅಂಗಿಯ ಕಿಸೆಯಲ್ಲಿ. ಇವತ್ತು ಸೋಮವಾರ, ಬ್ಯಾಡಗಿ ಮಾರುಕಟ್ಟೆಯ ದಿನ. ಹಾಗಾಗಿ ಪಕ್ಕದಲ್ಲಿ ಮೆಣಸಿನಕಾಯಿ ದಲಾಲರೂ ಇದ್ದಾರೆ.

"ಓದ್ರಿ ಮಾಸ್ತರ, ನಾ ಇಳಿಯೂದ್ರಾಗ ಅರ್ಧಾ ಮುಗಸೂಣು."

ಇಲ್ಲಿ ಪದಬಂಧವನ್ನು ಯಾರೂ ಮನಸ್ಸಿನಲ್ಲಿ ಬಿಡಿಸುವುದಿಲ್ಲ. ಸುಳಿವನ್ನು ಗಟ್ಟಿಯಾಗಿ ಓದಬೇಕು, ಕೇಳಿದವರೆಲ್ಲ ಉತ್ತರ ಹೇಳಬೇಕು, ಒಪ್ಪದವರು ಜಗಳ ತೆಗೆಯಬೇಕು. ಮಾಸ್ತರರು ಓದುತ್ತಾರೆ: "ಮೇಲಿನಿಂದ ಕೆಳಕ್ಕೆ. ಸಭೆಯಲ್ಲಿ ಓದಿ, ಗೋಡೆಗೆ ತೂಗುಹಾಕಿದ ಗೌರವ. ಐದಕ್ಷರ."

"ಸನ್ಮಾನಪತ್ರ!" ದಲಾಲರು ತಡಮಾಡುವುದಿಲ್ಲ. "ನಮ್ಮ ಅಂಗಡ್ಯಾಗ ಎರಡು ಅದಾವ್ರೀ."

ಸ, ನ್ಮಾ, ನ, ಪ, ತ್ರ. ಲೆಕ್ಕ ಸರಿಯಾಗಿದೆ. ಮಾಸ್ತರರು ಬರೆಯುತ್ತಾರೆ, ಆದರೆ ಪೆನ್ಸಿಲನ್ನು ಒತ್ತದೆ, ತೆಳ್ಳಗೆ. ಅನುಭವಸ್ಥರು.

1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿಸಿದಾಗ ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ ಇಟ್ಟ. ಕನ್ನಡದಲ್ಲಿ ಒಂದು ಮನೆಗೆ ಕಾಗುಣಿತ, ಒತ್ತು, ಸೊನ್ನೆ ಸಮೇತ ಇಡೀ ಅಕ್ಷರ ಕೂರುತ್ತದೆ. 'ಸಂಕ್ರಾಂತಿ'ಗೆ ಮೂರೇ ಮನೆ ಸಾಕು. ಆದರೆ ಅಡ್ಡಸಾಲು, ಕೆಳಸಾಲು ಕೂಡುವಲ್ಲಿ ಗುಡಿಸಿನ ದೀರ್ಘ ಕೂಡ ಹೊಂದಬೇಕು. ಬಿ ಬೇಕಾದಲ್ಲಿ ಬೀ ನಡೆಯದು. ಮೊದಲ ಸಾಲಿನಲ್ಲಿ 'ಲ್ಲು' ಬಂದರೆ ಅದರ ಕೆಳಗೆ ಕಪ್ಪು ಮನೆ ಹಾಕದೆ ವಿಧಿಯಿಲ್ಲ, 'ಲ್ಲು'ವಿನಿಂದ ಶುರುವಾಗುವ ಪದ ನಮ್ಮಲ್ಲಿ ಎಲ್ಲಿದೆ? ಬಿಡಿಸುವವರಿಗಿಂತ ಹೆಣೆಯುವವರ ಪಾಡು ದೊಡ್ಡದು. ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಇಂಥವನ್ನು 30,000ಕ್ಕೂ ಹೆಚ್ಚು ಹೆಣೆದು ಲಿಮ್ಕಾ ದಾಖಲೆಗೆ ಸೇರಿದರು ಎಂಬುದನ್ನು ನೆನೆದರೆ ತಲೆ ತಿರುಗುತ್ತದೆ.

ಬ್ಯಾಡಗಿ ಬಂತು ಎನ್ನುವಷ್ಟರಲ್ಲಿ ದಲಾಲರು ಎದ್ದು ಕೈಚೀಲ ಬಿಚ್ಚಿ ಸ್ಯಾಂಪಲ್ ನೋಡಿಕೊಳ್ಳುತ್ತಾರೆ. ಡಬ್ಬಿ ತಳಿ: ಮೋಟಾಗಿ, ಉಬ್ಬಿಕೊಂಡು, ಮೈಯೆಲ್ಲ ಸುಕ್ಕು. ಖಾರ ಕಡಿಮೆ, ಬಣ್ಣ ಕಡುಗೆಂಪು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಈ ಬ್ಯಾಡಗಿ ಕಾಯಿಗೇ. ಚೀಲದ ಬಾಯಿ ತೆರೆದದ್ದೇ ತಡ, ನಿಮಗೆ ಸೀನು. ಅವರ ಬೆರಳ ತುದಿಗಳು ಕೆಂಪಾಗಿವೆ, ಪೇಪರಿನ ಅಂಚಿನಲ್ಲೂ ಆ ಕೆಂಪು ಗುರುತು ಉಳಿದಿದೆ. "ಸನ್ಮಾನಪತ್ರ ಅಳಸಬ್ಯಾಡ್ರಿ ಮತ್ತ!" ಎಂದು ಇಳಿದು ಹೋಗುತ್ತಾರೆ.

ಅವರ ಜಾಗಕ್ಕೆ ರಾಣೆಬೆನ್ನೂರು ಕಾಲೇಜಿನ ಹುಡುಗಿ ಬರುತ್ತಾಳೆ. ಪಕ್ಕದಲ್ಲಿ ದೇವರಗುಡ್ಡಕ್ಕೆ ಹೊರಟ ಅಜ್ಜಿ, ಮಡಿಲಲ್ಲಿ ಭಂಡಾರದ ಪೊಟ್ಟಣ. ಮಾಸ್ತರರು ಮೊದಲ ಅಡ್ಡಸಾಲಿಗೆ ಬಂದಿದ್ದಾರೆ. "ಮನ್ಮಥನ ಕೈಯಲ್ಲಿದ್ದದ್ದು ಮಳೆಯಲ್ಲಿ ಕಂಡಿತು. ಐದಕ್ಷರ, ನಾಕನೇದ್ದು ಸ."

"ಕಬ್ಬು, ಹೂವು…" ಹುಡುಗಿ ತಡವರಿಸುತ್ತಾಳೆ. ಯಾವುದೂ ಮಳೆಗೆ ಕೂರುವುದಿಲ್ಲ.

"ರಾಣೆಬೆನ್ನೂರಾಗ ಹೋಳಿಗೆ ಜೀವಂತ ಕಾಮಣ್ಣನ್ನ ಕುಂದರಸ್ತಾರಲ್ಲ, ನೋಡಿಯಿಲ್ಲೇನ ಯವ್ವಾ?" ಎಂದು ಅಜ್ಜಿ ಬಾಯಿ ಹಾಕುತ್ತಾಳೆ. "ಎಷ್ಟ ನಗಿಸಿದ್ರೂ ನಗಂಗಿಲ್ಲ ಅವ. ಕಾಮಣ್ಣನ ಕೈಯಾಗ ಬಿಲ್ಲಲ್ಲದ ಮತ್ತೇನಿರ್ತೈತಿ?"

ಹುಡುಗಿ ಬೆರಳ ಗೆಣ್ಣು ಎಣಿಸುತ್ತಾಳೆ. ಕಾ, ಮ, ನ, ಬಿ, ಲ್ಲು. "ಸರ್, ನಿಮ್ಮ 'ಸ' ತಪ್ಪೈತ್ರಿ!"

ರಬ್ಬರು ಹೊರಗೆ ಬರುತ್ತದೆ. ಸನ್ಮಾನಪತ್ರ ಮಾಯ. ಈಗ 'ಬಿ'ಯಿಂದ ಶುರುವಾಗುವ ಗೋಡೆಯ ಗೌರವ ಬೇಕು. ಮಾಸ್ತರರು ಕಣ್ಣು ಮುಚ್ಚುತ್ತಾರೆ. ನಿವೃತ್ತಿಯ ದಿನದ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟು ಎಲ್ಲ ಕಣ್ಣ ಮುಂದೆ ಬಂದಿರಬೇಕು. "ಬಿನ್ನವತ್ತಳೆ!" ಬಿ, ನ್ನ, ವ, ತ್ತ, ಳೆ. ಈ ಸಲ ಪೆನ್ಸಿಲು ಒತ್ತಿ ಬರೆಯುತ್ತದೆ.

ದೇವರಗುಡ್ಡದಲ್ಲಿ ಅಜ್ಜಿ ಇಳಿಯುತ್ತಾಳೆ. ಈ ಗುಡ್ಡದ ಮೇಲೆ ನವರಾತ್ರಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿ, ಒಂದೇ ಮಾತಿನಲ್ಲಿ ಭವಿಷ್ಯದ ಕಾರಣಿಕ ನುಡಿದು ಬಿಡುತ್ತಾನೆ. ಅದರಲ್ಲಿ ಮಳೆ ಇದೆ ಎನ್ನುವವರು ಒಬ್ಬರು, ಮೆಣಸಿನಕಾಯಿ ರೇಟಿದೆ ಎನ್ನುವವರು ಇನ್ನೊಬ್ಬರು, ಮುಖ್ಯಮಂತ್ರಿಯ ಕುರ್ಚಿ ಇದೆ ಎನ್ನುವವರು ಮತ್ತೊಬ್ಬರು. ಆಗಲೇ ಹಿಂದೆ ಬಿಟ್ಟ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರು; ಅವರು ಕೇಳಿದ ಮುಂಡಿಗೆಗಳಿಗೆ ಪಂಡಿತರು ಇನ್ನೂ ಅರ್ಥ ಬರೆಯುತ್ತಲೇ ಇದ್ದಾರೆ. ಹಿರೇಕೆರೂರು ಸೀಮೆಯ ಸರ್ವಜ್ಞನ ತ್ರಿಪದಿಗಳಲ್ಲೂ ಒಗಟು. ಹೀಗಾಗಿ ಈ ಜಿಲ್ಲೆಯವರಿಗೆ ಸುಳಿವು ಬಿಡಿಸುವ ಚಟ ಪೇಪರಿನಿಂದ ಬಂದದ್ದೆಂದು ಹೇಳಲಾರೆ.

ರಾಣೆಬೆನ್ನೂರಿನ ಬೀಜದ ಕಂಪನಿಗಳ ಬೋರ್ಡು ಕಾಣತೊಡಗಿವೆ. ಒಂದೇ ಸಾಲು ಬಾಕಿ. ಸುಳಿವು: ತಾವರೆ, ಮೂರಕ್ಷರ. ಕೊನೆಯದು 'ಜ'.

"ಪಂಕಜ," ಎನ್ನುತ್ತಾಳೆ ಹುಡುಗಿ.

"ನೀರಜ ಯಾಕಾಗಬಾರದು ತಂಗೀ?"

ಅಂಬುಜವೂ ಆಗಬಹುದು, ಸರೋಜ, ಜಲಜ, ವಾರಿಜ ಕೂಡ. ಎಲ್ಲಕ್ಕೂ ಮೂರೇ ಅಕ್ಷರ, ಎಲ್ಲದರ ಬಾಲವೂ 'ಜ'. ಮೊದಲೆರಡು ಮನೆಗಳನ್ನು ದಾಟಿ ಹೋಗುವ ಪದವೇ ಇಲ್ಲ. ಇದು ಒಗಟಲ್ಲ, ಲಾಟರಿ. ಮಾಸ್ತರರು ಏನೂ ಬರೆಯದೆ ಪೇಪರು ಮಡಚಿ ಇಳಿಯುತ್ತಾರೆ.

ಪದಬಂಧ ಹೆಣೆಯುವವರಲ್ಲಿ ಒಂದು ಬೇಡಿಕೆ: ತಾವರೆಯನ್ನು ಇನ್ನು ಕೊಳದಲ್ಲೇ ಬಿಡಿ. ಕೂರಿಗೆ, ಕುಂಟೆ, ಬುತ್ತಿಯಂಥ ಪದಗಳನ್ನು ಮನೆಯೊಳಗೆ ಕರೆಯಿರಿ. 'ಕಾಳು ನುಂಗುವ ನೆಲ, ಮೂರಕ್ಷರ' ಎಂದು ಕೇಳಿ ನೋಡಿ. ಮಾಸ್ತರರು ತಲೆ ಕೆರೆದುಕೊಳ್ಳುವುದರೊಳಗೆ ಆ ಅಜ್ಜಿ 'ಹಗೇವು' ಎಂದು ಹೇಳಿ ಮುಗಿಸಿರುತ್ತಾಳೆ.