ಕಪ್ಪು-ಬಶಿ

ನಮ್ಮ ಕಿಣ್ಣಿ ಸುಲ್ತಾನದ ಕಡೆ ಮನೆಗೆ ಯಾರೇ ಬರಲಿ, ಮೊದಲು ನೀರು, ಆಮೇಲೆ ಚಹಾ. ಹಾಲು ಕಡಿಮೆಯಿದ್ದರೆ ಒಂದನ್ನೇ ಇಬ್ಬರಿಗೆ ಮಾಡುತ್ತೇವೆ: ಕಪ್ಪು ಒಬ್ಬರಿಗೆ, ಬಶಿ ಇನ್ನೊಬ್ಬರಿಗೆ. ನಾನು ಶಾಲೆ ಬಿಟ್ಟು ಬಂದ ಮೇಲೆ ನಮ್ಮವರೂ ನಾನೂ ಹಾಗೆಯೇ ಕುಡಿಯುತ್ತಿದ್ದೆವು, ಹಾಲು ಸಾಕಷ್ಟಿದ್ದಾಗಲೂ. ಬಶಿ ಯಾವಾಗಲೂ ನನ್ನದು.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾದಾಗ ಕಾಫಿಯ ಜತೆಗೆ ಇಂಟರ್‌ನೆಟ್ಟೂ ಸಿಗುತ್ತಿತ್ತು. ಈಗ ಅದು ಎಲ್ಲರ ಕೈಯಲ್ಲೇ ಇದೆ. ಹೋದ ಬೇಸಿಗೆ ರಜೆಯಲ್ಲಿ ಮಗಳು ಅಲ್ಲಿಯ ಒಂದು ಹೊಸ ಕಾಫಿ ಅಂಗಡಿಗೆ ಕರೆದೊಯ್ದಳು. ನೊರೆಯ ಮೇಲೆ ಎಲೆಯ ಚಿತ್ರ ತೆಗೆದಿದ್ದರು. ಬೆಲೆ ನೋಡಿ ಮನಸ್ಸಿನಲ್ಲೇ ಮನೆಯ ಹಾಲಿನ ಲೆಕ್ಕ ಹಾಕಿದೆ. ರುಚಿ ಕೆಟ್ಟದ್ದೇನಲ್ಲ. ಆದರೆ ಅಷ್ಟು ದೊಡ್ಡ ಕಪ್ಪು ನನ್ನೊಬ್ಬಳಿಗೇ! ಬಶಿಗೆ ಕೈ ಚಾಚಿದೆ, ಇರಲಿಲ್ಲ. ನಮ್ಮವರು ತೀರಿ ಆಗಲೇ ಮೂರು ವರ್ಷ.

"ಯಾಕವ್ವಾ, ಸೇರಲಿಲ್ಲೇನು?" ಅಂದಳು ಫೋನು ನೋಡುತ್ತಲೇ.

"ಸೇರ್ತದವ್ವ. ಒಬ್ಬಾಕಿಗೆ ಭಾಳ ಆಯ್ತು."

ಫೋನು ಕೆಳಗಿಟ್ಟಳು. ಏನೂ ಅನ್ನಲಿಲ್ಲ.

ದೀಪಾವಳಿಗೆ ಊರಿಗೆ ಬಂದಾಗ ಅವಳೇ ಶುಂಠಿ ಜಜ್ಜಿ ಚಹಾ ಕುದಿಸಿದಳು. ಹಾಲು ಬೇಕಾದಷ್ಟಿತ್ತು. ಆದರೂ ಒಂದೇ ಕಪ್ಪು ತಂದಳು. ಅರ್ಧ ಬಶಿಗೆ ಸುರಿದು ನನ್ನ ಮುಂದಿಟ್ಟಳು.